ಬಾಂಬರ್ ವಿಮಾನದಿಂದ ರೋಗಿಯ ಹಾಸಿಗೆಯ ಬಳಿಗೆ: ಲಿಯೊನಾರ್ಡ್ ಚೆಷೈರ್ ಸ್ಮರಣೆ

ಜುಲೈ 31ರಂದು ಧರ್ಮಸಭೆಯು ಲೊಯೋಲಾದ ಸಂತ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತದೆ. ಪಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡಿನಿಂದ ಕಾಲು ಮುರಿದುಕೊಂಡು, ಹಾಸಿಗೆ ಹಿಡಿದ ತಿಂಗಳುಗಳಲ್ಲಿ ದೇವರ ಕಡೆಗೆ ತಿರುಗಿದ ಆ ಸೈನಿಕನ ಕಥೆ ನಮ್ಮ ಕುಟುಂಬಗಳಿಗೆ ಹೊಸದಲ್ಲ. ಅದೇ ಹಬ್ಬದ ದಿನ, 1992ರಲ್ಲಿ, ಇಂಗ್ಲೆಂಡಿನಲ್ಲಿ ಮತ್ತೊಬ್ಬ ನಿವೃತ್ತ ಸೈನಿಕರು ಕಣ್ಣು ಮುಚ್ಚಿದರು. ಅವರು ಬ್ರಿಟಿಷ್ ವಾಯುಪಡೆಯ ವೈಮಾನಿಕರಾಗಿದ್ದ ಗ್ರೂಪ್ ಕ್ಯಾಪ್ಟನ್ ಲಿಯೊನಾರ್ಡ್ ಚೆಷೈರ್. ಮೂರು ದಶಕಗಳು ಸಂದರೂ ಅವರ ಹೆಸರು ನಮ್ಮ ನಾಡಿನಲ್ಲಿ ಫಲಕಗಳ ಮೇಲೆ ಉಳಿದಿದೆ. ಮನುಷ್ಯನ ನೆನಪು ಮಾತ್ರ ಮಸುಕಾಗಿದೆ.

ಚೆಷೈರ್ ಹೋಂ ಎಂಬ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಅಂಥದೊಂದು ಮನೆಯಿದೆ. ಕೊಡಗಿನ ಪಾಲಿಬೆಟ್ಟದಲ್ಲಿ ಅದೇ ಹೆಸರಿನ ಸಂಸ್ಥೆಯು ವಿಶೇಷ ಮಕ್ಕಳ ಶಾಲೆಯನ್ನು ನಡೆಸುತ್ತ ಬಂದಿದೆ. ಕ್ರಿಸ್ತಜಯಂತಿಯ ವಾರದಲ್ಲಿ ಸಿಹಿ ಹಂಚಲು ಇಂಥ ಮನೆಗಳಿಗೆ ಹೋಗಿಬರುವ ನಮ್ಮ ಯುವಜನರಲ್ಲಿ ಹಲವರು ಚೆಷೈರ್ ಎಂದರೆ ಯಾವುದೋ ಊರಿನ ಹೆಸರೆಂದೇ ತಿಳಿದಿದ್ದಾರೆ. ಅವರ ತಪ್ಪೂ ಪೂರ್ಣ ತಪ್ಪಲ್ಲ. ಇಂಗ್ಲೆಂಡಿನಲ್ಲಿ ಆ ಹೆಸರಿನ ಪ್ರಾಂತ್ಯವಿದೆ, ಲಿಯೊನಾರ್ಡ್ ಹುಟ್ಟಿದ್ದೂ ಆ ಪ್ರಾಂತ್ಯದ ಚೆಸ್ಟರ್ ನಗರದಲ್ಲಿಯೇ, 1917ರ ಸೆಪ್ಟೆಂಬರ್ 7ರಂದು.

ಅವರ ಜೀವನವನ್ನು ಹೇಳುವವರು ಸಾಮಾನ್ಯವಾಗಿ ಒಂದು ಸುಲಭವಾದ ಕಥೆಯನ್ನು ಹೇಳುತ್ತಾರೆ. ನಾಗಾಸಾಕಿಯ ಮೇಲೆ ಅಣುಬಾಂಬು ಸ್ಫೋಟಿಸಿದುದನ್ನು ಆಕಾಶದಿಂದ ಕಂಡ ಯೋಧನೊಬ್ಬ ಪಶ್ಚಾತ್ತಾಪದಿಂದ ಬೆಂದು, ಪ್ರಾಯಶ್ಚಿತ್ತವಾಗಿ ರೋಗಿಗಳ ಸೇವೆಗೆ ಇಳಿದ ಎಂಬುದು ಆ ಕಥೆ. ವರ್ಷಗಳ ಹಿಂದೆ ತಪಸ್ಸುಕಾಲದ ಒಂದು ಪ್ರಬೋಧನೆಯಲ್ಲಿ ನಾನೂ ಹಾಗೆಯೇ ಹೇಳಿದ್ದೆ. ಕೇಳಿದವರು ಮೆಚ್ಚಿಕೊಂಡರು. ಆಮೇಲೆ ಅವರ ಜೀವನವನ್ನು ಸಾವಧಾನವಾಗಿ ಓದಿದಾಗ, ಆ ಕಥೆಯನ್ನು ಸ್ವತಃ ಅವರೇ ಒಪ್ಪಿರಲಿಲ್ಲವೆಂದು ತಿಳಿದು ನಾಚಿಕೆಯಾಯಿತು. ಆ ದಿನ ಆಡಿದ ಮಾತನ್ನು ಇಲ್ಲಿ ತಿದ್ದಿಕೊಳ್ಳುವ ಉದ್ದೇಶವೂ ಈ ಬರಹಕ್ಕೆ ಇದೆ.

ತಂದೆ ಜೆಫ್ರಿ ಚೆಷೈರ್ ಆಕ್ಸ್‌ಫರ್ಡಿನ ಹೆಸರಾಂತ ಕಾನೂನು ಪಂಡಿತರು. ಮಗನೂ ಅಲ್ಲಿಯ ಮರ್ಟನ್ ಕಾಲೇಜಿನಲ್ಲಿ ಕಾನೂನನ್ನೇ ಓದಿದ. ಆದರೆ ಗ್ರಂಥಗಳಿಗಿಂತ ವೇಗದ ಕಾರು, ಪಂದ್ಯ, ಗೆಳೆಯರ ಕೂಟಗಳಲ್ಲಿ ಅವನಿಗೆ ಆಸಕ್ತಿ ಹೆಚ್ಚು. ಜೇಬಿನಲ್ಲಿ ಕೆಲವೇ ಪುಡಿಗಾಸುಗಳನ್ನಿಟ್ಟುಕೊಂಡು ಪ್ಯಾರಿಸ್ ತಲುಪುವೆನೆಂದು ಪಂದ್ಯ ಕಟ್ಟಿ ಗೆದ್ದವನು ಅವನು. 1936ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮಿನ ಕುಟುಂಬವೊಂದರಲ್ಲಿ ತಂಗಿದ್ದಾಗ ನಾಜಿಗಳ ಸಭೆಯಲ್ಲಿ ಕೈಯೆತ್ತಿ ವಂದಿಸಲು ನಿರಾಕರಿಸಿ ಸುತ್ತಲಿನವರ ಕೋಪಕ್ಕೆ ಗುರಿಯಾದ. ಅದನ್ನು ರಾಜಕೀಯ ಪ್ರಜ್ಞೆ ಎನ್ನುವುದಕ್ಕಿಂತ ಹುಡುಗುತನದ ಹಟ ಎನ್ನುವುದೇ ಮೇಲು. ವಿಶ್ವವಿದ್ಯಾಲಯದ ವಾಯುದಳದಲ್ಲಿ ಹಾರಾಟ ಕಲಿತು, 1939ರಲ್ಲಿ ಯುದ್ಧ ಆರಂಭವಾದಾಗ ವಾಯುಪಡೆಯ ಅಧಿಕಾರಿಯಾದ.

1940ರ ನವೆಂಬರಿನ ಒಂದು ರಾತ್ರಿ, ಕಲೋನ್ ನಗರದ ಕಡೆಗೆ ಹೋಗಿದ್ದ ಅವರ ವಿಟ್ಲಿ ವಿಮಾನಕ್ಕೆ ಗುಂಡು ತಗುಲಿತು. ಒಳಗಿದ್ದ ಬೆಳಕಿನ ಸಿಡಿಮದ್ದು ಸ್ಫೋಟಿಸಿ ವಿಮಾನದ ಪಕ್ಕದ ಗೋಡೆಯೇ ಹರಿದುಹೋಯಿತು, ಬೆಂಕಿ ಹತ್ತಿತು. ನಿಸ್ತಂತು ಯಂತ್ರದ ಮುಂದೆ ಕುಳಿತಿದ್ದ ಹುಡುಗ ಕಣ್ಣು ಮುಖ ಬೆಂದಿದ್ದರೂ ತನ್ನ ಕೆಲಸವನ್ನು ಬಿಡಲಿಲ್ಲ. ಬೆಂಕಿಯನ್ನು ಆರಿಸಿ, ಆ ಮುರುಕು ವಿಮಾನವನ್ನು ಚೆಷೈರ್ ಇಂಗ್ಲೆಂಡಿಗೆ ಮರಳಿ ತಂದರು. ಮೊದಲ ದೊಡ್ಡ ಪದಕ ದೊರೆತದ್ದು ಆಗ. ಮುಂದೆ ಹ್ಯಾಲಿಫ್ಯಾಕ್ಸ್ ವಿಮಾನಗಳ 76ನೆಯ ಸ್ಕ್ವಾಡ್ರನ್ನಿನ ನಾಯಕರಾದಾಗ, ಅತಿಭಾರದಿಂದ ನಿಧಾನವಾಗಿ ಶತ್ರುವಿಗೆ ಸುಲಭದ ತುತ್ತಾಗುತ್ತಿದ್ದ ಆ ವಿಮಾನಗಳಿಂದ ಕೆಲವು ಬಂದೂಕು ಗೋಪುರಗಳನ್ನೇ ಕಳಚಿಸಿದರು. ವಿಮಾನಗಳು ಹಗುರಾಗಿ ಪ್ರಾಣಗಳು ಉಳಿದವು. ನೆಲದ ಮೇಲೆ ದುಡಿಯುವ ಮೆಕ್ಯಾನಿಕರ ಹೆಸರುಗಳನ್ನು ಕೂಡ ಅವರು ಬಾಯಿಪಾಠ ಮಾಡಿಟ್ಟುಕೊಳ್ಳುತ್ತಿದ್ದರಂತೆ. ತಮ್ಮ ಕ್ರಿಸ್ಟೋಫರನ ವಿಮಾನವೂ ಉರುಳಿಸಲ್ಪಟ್ಟು, ಆತ ಜರ್ಮನಿಯಲ್ಲಿ ಯುದ್ಧಕೈದಿಯಾಗಿದ್ದ.

1943ರಲ್ಲಿ ಇಪ್ಪತ್ತೈದರ ಪ್ರಾಯಕ್ಕೆ ವಾಯುಪಡೆಯ ಅತ್ಯಂತ ಕಿರಿಯ ಗ್ರೂಪ್ ಕ್ಯಾಪ್ಟನ್ ಆದರು. ಆ ಹುದ್ದೆ ಅವರನ್ನು ಮೇಜಿನ ಹಿಂದೆ ಕೂರಿಸಿತು. ಕೆಲವೇ ತಿಂಗಳಲ್ಲಿ ಅವರು ಒಂದು ದರ್ಜೆ ಕೆಳಗಿಳಿಸುವಂತೆ ತಾವೇ ಬೇಡಿ, ವಿಂಗ್ ಕಮಾಂಡರ್ ಆಗಿ, ಅಣೆಕಟ್ಟುಗಳನ್ನು ಒಡೆದು ಪ್ರಸಿದ್ಧವಾಗಿದ್ದ 617ನೆಯ ಸ್ಕ್ವಾಡ್ರನ್ನಿಗೆ ಹೋದರು. ಬಡ್ತಿಗಾಗಿ ಬೇಡುವವರನ್ನು ಎಲ್ಲ ಸಂಸ್ಥೆಗಳಲ್ಲಿ, ಯಾಜಕವರ್ಗವನ್ನೂ ಬಿಡದೆ, ಕಂಡಿರುವ ನನಗೆ ಈ ಸಂಗತಿ ಅವರ ಪದಕಗಳಿಗಿಂತ ದೊಡ್ಡದಾಗಿ ತೋರುತ್ತದೆ.

ಇಲ್ಲಿ ಎರಡು ರಾತ್ರಿಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1944ರ ಫೆಬ್ರವರಿ 8ರ ರಾತ್ರಿ, ಜರ್ಮನರ ಅಧೀನದಲ್ಲಿದ್ದ ಫ್ರಾನ್ಸಿನ ಲಿಮೋಜ್ ಪಟ್ಟಣದ ವಿಮಾನ ಎಂಜಿನ್ ಕಾರ್ಖಾನೆಯನ್ನು ನಾಶಪಡಿಸುವುದು ಅವರಿಗೆ ಒಪ್ಪಿಸಿದ ಕೆಲಸ. ಒಳಗೆ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದವರು ಫ್ರೆಂಚ್ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಸ್ತ್ರೀಯರು. ಚೆಷೈರ್ ತಮ್ಮ ಭಾರಿ ಲ್ಯಾಂಕಾಸ್ಟರ್ ವಿಮಾನವನ್ನು ಬಾಂಬು ಹಾಕದೆ ಕಾರ್ಖಾನೆಯ ಮಾಡಿಗೆ ತಾಗುವಷ್ಟು ಕೆಳಗೆ ಮತ್ತೆ ಮತ್ತೆ ಹಾರಿಸಿದರು. ಅಪಾಯವನ್ನರಿತ ಕಾರ್ಮಿಕರು ಹೊರಗೋಡಿದರು. ಅದರ ಬಳಿಕವೇ ಗುರಿಯ ಮೇಲೆ ಗುರುತಿನ ಬೆಂಕಿಯನ್ನು ಚೆಲ್ಲಿ ಹಿಂದಿನ ವಿಮಾನಗಳನ್ನು ಕರೆದರು. ಕಾರ್ಖಾನೆ ನೆಲಸಮವಾಯಿತು. ಶತ್ರುವಿಗೆ ಮುನ್ಸೂಚನೆ ಕೊಟ್ಟು ತಮ್ಮ ಪ್ರಾಣವನ್ನೂ ಸಂಗಡಿಗರ ಪ್ರಾಣವನ್ನೂ ಪಣಕ್ಕೊಡ್ಡಿದ ಈ ನಡೆಗೆ ಸೈನಿಕ ನಿಯಮಗಳಲ್ಲಿ ಯಾವ ಒತ್ತಾಯವೂ ಇರಲಿಲ್ಲ. ಗುರುಮಠದಲ್ಲಿ ನೈತಿಕ ದೈವಶಾಸ್ತ್ರ ಕಲಿಯುವಾಗ, ಒಂದೇ ಕ್ರಿಯೆಯಿಂದ ಒಳಿತೂ ಕೆಡುಕೂ ಉಂಟಾಗುವ ಸಂದರ್ಭಗಳ ಬಗ್ಗೆ ನಮಗೆ ಲ್ಯಾಟಿನ್ ಪಠ್ಯದ ಒಣ ಉದಾಹರಣೆಗಳನ್ನು ಕೊಡುತ್ತಿದ್ದರು. ಲಿಮೋಜನ್ನು ಯಾರಾದರೂ ಹೇಳಿದ್ದರೆ ಒಂದು ವರ್ಷ ಮೊದಲೇ ಅರ್ಥವಾಗುತ್ತಿತ್ತು.

ಎರಡನೆಯ ರಾತ್ರಿ ಅದೇ ವರ್ಷದ ಏಪ್ರಿಲ್ 24ರದು. ಅದೇ ಕೌಶಲ, ಅದೇ ಧೈರ್ಯ. ಈ ಸಲ ಪುಟ್ಟ ಮಾಸ್ಕಿಟೋ ವಿಮಾನ. ಗುಂಡಿನ ಮಳೆಯ ನಡುವೆ, ಬವೇರಿಯಾದ ಕಥೋಲಿಕ ನಗರವಾದ ಮ್ಯೂನಿಕ್ ಮೇಲೆ ತೀರ ಕೆಳಮಟ್ಟದಲ್ಲಿ ಹಾರಿ ಅವರು ಗುರುತು ಹಾಕಿದರು. ಆ ಗುರುತನ್ನು ಹಿಡಿದು ಬಾಂಬರ್ ಪಡೆ ನಗರವನ್ನು ಸುಟ್ಟಿತು. ಕಾರ್ಖಾನೆಯ ಸ್ತ್ರೀಯರನ್ನು ಹೊರಗೆ ಕಳುಹಿಸಿದಂತೆ ಒಂದು ನಗರವನ್ನು ಹೊರಗೆ ಕಳುಹಿಸಲು ಯಾರಿಂದಲೂ ಆಗದು. 102 ದಾಳಿಗಳನ್ನು ನಡೆಸಿದ ಆ ನಾಲ್ಕು ವರ್ಷಗಳ ಒಟ್ಟು ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಸಂದಿತು. ಅದು ಪ್ರಕಟವಾದದ್ದು 1944ರ ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬದಂದು. ಅಂದಿಗೆ ಅವರಿಗೆ ಆ ಹಬ್ಬದ ಪರಿವೆಯೇ ಇರಲಿಲ್ಲ. ಅವರು ಯಾವ ದೇವಾಲಯಕ್ಕೂ ಹೋಗುತ್ತಿರಲಿಲ್ಲ.

ಅವರನ್ನು ಯುದ್ಧದ ಹಾರಾಟದಿಂದ ಬಿಡಿಸಿ ಕೆಲಕಾಲ ಕಲ್ಕತ್ತೆಯ ಕಛೇರಿಗೂ, ಅನಂತರ ವಾಷಿಂಗ್ಟನ್ನಿಗೂ ಕಳುಹಿಸಲಾಯಿತು. ಅಲ್ಲಿಂದಲೇ, ವಿಜ್ಞಾನಿ ವಿಲಿಯಂ ಪೆನ್ನಿಯವರ ಜೊತೆಯಲ್ಲಿ, ಅಣುಬಾಂಬಿನ ದಾಳಿಯನ್ನು ನೋಡಿ ವರದಿ ಮಾಡುವ ಬ್ರಿಟಿಷ್ ವೀಕ್ಷಕರಾಗಿ ಆಯ್ಕೆಯಾದರು. 1945ರ ಆಗಸ್ಟ್ 9ರಂದು ಅವರಿದ್ದ ವಿಮಾನ ಯಾಕುಶಿಮಾ ದ್ವೀಪದ ಮೇಲೆ ಉಳಿದೆರಡು ವಿಮಾನಗಳನ್ನು ಕೂಡಿಕೊಳ್ಳಲು ತಪ್ಪಿತು. ಆದುದರಿಂದ ಸ್ಫೋಟವನ್ನು ಅವರು ಹತ್ತಿರದಿಂದ ಕಾಣಲಿಲ್ಲ. ದೂರದ ಆಕಾಶದಲ್ಲಿ ಮೇಲೇಳುತ್ತಿದ್ದ ಅಗಾಧ ಮೋಡವನ್ನು ಕಂಡರು.

ಆ ಮೋಡದ ಬುಡದಲ್ಲಿದ್ದುದು ಉರಾಕಾಮಿ. ಯಾಜಕರಿಲ್ಲದೆ, ಬಲಿಪೂಜೆಯಿಲ್ಲದೆ, ಇನ್ನೂರು ವರ್ಷಗಳಿಗೂ ಮೀರಿ ಗುಟ್ಟಾಗಿ ವಿಶ್ವಾಸವನ್ನು ಉಳಿಸಿಕೊಂಡು ಬಂದ ಜಪಾನೀ ಕ್ರೈಸ್ತರ ಮೊಮ್ಮಕ್ಕಳ ಬಡಾವಣೆ ಅದು. ದಶಕಗಳ ಕಾಲ ಕಾಸು ಕೂಡಿಸಿ ಅವರು ಕಟ್ಟಿದ ದೊಡ್ಡ ದೇವಾಲಯ ಸ್ಫೋಟದ ಕೇಂದ್ರದಿಂದ ಸುಮಾರು 500 ಮೀಟರ್ ದೂರದಲ್ಲಿತ್ತು. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕೆ ಸಿದ್ಧತೆಯಾಗಿ ಒಳಗೆ ಪಾಪನಿವೇದನೆ ನಡೆಯುತ್ತಿತ್ತು. ಗುರುಗಳೂ ಜನರೂ ಜೊತೆಯಾಗಿ ಮಡಿದರು. ಆ ಬಡಾವಣೆಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಮಂದಿ ಸತ್ತರೆಂದು ಲೆಕ್ಕ ಹೇಳುತ್ತಾರೆ.

ಸುಲಭದ ಕಥೆಯ ಪ್ರಕಾರ ಚೆಷೈರ್ ಇಲ್ಲಿಯೇ ಮಂಡಿಯೂರಬೇಕಿತ್ತು. ಊರಲಿಲ್ಲ. ಆ ಬಾಂಬು ಯುದ್ಧವನ್ನು ನಿಲ್ಲಿಸಿ ಇನ್ನೂ ಹೆಚ್ಚಿನ ಪ್ರಾಣಗಳನ್ನು ಉಳಿಸಿತೆಂದು ಅವರು ಕೊನೆಯವರೆಗೂ ನಂಬಿದ್ದರು, ಬರೆದರು, ವಾದಿಸಿದರು. ತಮ್ಮ ಸೇವೆ ಪಾಪಪ್ರಜ್ಞೆಯಿಂದ ಹುಟ್ಟಿದ್ದಲ್ಲವೆಂದು ಮತ್ತೆ ಮತ್ತೆ ಸ್ಪಷ್ಟಪಡಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಇಡೀ ನಗರಗಳನ್ನು ಅವುಗಳ ನಿವಾಸಿಗಳೊಡನೆ ನಾಶಮಾಡುವ ಯುದ್ಧಕೃತ್ಯವನ್ನು ದೇವರಿಗೂ ಮಾನವನಿಗೂ ವಿರುದ್ಧವಾದ ಅಪರಾಧವೆಂದು ಖಂಡಿಸಿದ ಮೇಲೂ, ಧರ್ಮಸಭೆಯ ನಿಷ್ಠಾವಂತ ಮಗನಾಗಿದ್ದ ಈ ಮನುಷ್ಯ ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ. ಅವರ ವಾದ ನನಗೆ ಒಪ್ಪಿಗೆಯಾಗದು. ಉಳಿದ ಪ್ರಾಣಗಳ ಲೆಕ್ಕದಿಂದ, ಪಾಪನಿವೇದನೆಗೆ ಸಾಲುಗಟ್ಟಿದ್ದ ಮುದುಕಿಯರ ಸಾವನ್ನು ಕಳೆಯಲು ಬರುವುದಿಲ್ಲ. ಸಂಖ್ಯೆಗಳ ಶಾಸ್ತ್ರ ಬೇರೆ, ನೀತಿಶಾಸ್ತ್ರ ಬೇರೆ. ಆದರೆ ಅವರು ಅನುಭವಿಸದ ಪಶ್ಚಾತ್ತಾಪವನ್ನು ಅವರ ಮೇಲೆ ಹೊರಿಸುವ ಅಧಿಕಾರವೂ ನನಗಿಲ್ಲ.

ಹಾಗಾದರೆ ಅವರನ್ನು ತಿರುಗಿಸಿದ್ದು ಯಾವುದು? ಯುದ್ಧ ಮುಗಿಯುವ ಹೊತ್ತಿಗೆ, ಲಂಡನ್ನಿನ ಒಂದು ಪಾನಗೃಹದ ಹರಟೆಯಲ್ಲಿ, ದೇವರೆಂದರೆ ಮನುಷ್ಯನ ಒಳಗಿನ ಮನಸ್ಸಾಕ್ಷಿಯಷ್ಟೇ ಎಂದು ಅವರು ತೇಲಿಸಿ ಹೇಳಿದಾಗ, ಜೊತೆಯಲ್ಲಿದ್ದ ಮಹಿಳೆಯೊಬ್ಬರು ದೇವರು ಒಬ್ಬ ವ್ಯಕ್ತಿ ಎಂದು ಖಡಾಖಂಡಿತವಾಗಿ ತಿದ್ದಿದರಂತೆ. ತತ್ವಶಾಸ್ತ್ರದ ತರಗತಿಗಳಲ್ಲಿ ನಾವು ವರ್ಷಗಟ್ಟಲೆ ಹೆಣಗಿದ ಪ್ರಶ್ನೆ ಅಲ್ಲಿ ಒಂದು ವಾಕ್ಯದಲ್ಲಿ ಮುಗಿಯಿತು. ಆ ಮಾತು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಅಷ್ಟರಿಂದಲೇ ಅವರೇನೂ ದೇವಾಲಯಕ್ಕೆ ಓಡಲಿಲ್ಲ.

1946ರಲ್ಲಿ, ದಣಿದ ಮನಸ್ಸಿನಿಂದ, ವೈದ್ಯಕೀಯ ಕಾರಣಕ್ಕೆ ವಾಯುಪಡೆಯನ್ನು ಬಿಟ್ಟರು. ಯುದ್ಧಕಾಲದಲ್ಲಿ ಅಮೆರಿಕದ ನಟಿಯೊಬ್ಬರೊಡನೆ ಆದ ಅವಸರದ ವಿವಾಹ ಉಳಿಯಲಿಲ್ಲ. ಮಾಜಿ ಸೈನಿಕರೂ ಅವರ ಕುಟುಂಬಗಳೂ ಒಟ್ಟಿಗೆ ಬಾಳುವ ಒಂದು ವಸಾಹತು ಕಟ್ಟಿದರು. ಅದಕ್ಕಾಗಿ ಹ್ಯಾಂಪ್‌ಷೈರಿನಲ್ಲಿ ಲೆ ಕೋರ್ಟ್ ಎಂಬ ದೊಡ್ಡ ಬಂಗಲೆಯನ್ನು ಪಡೆದರು. ಜಗಳ, ಸಾಲ, ಅವ್ಯವಸ್ಥೆಗಳಿಂದ ಅದು ಕುಸಿಯಿತು. 1948ರಲ್ಲಿ ಅವರ ಬಳಿ ಉಳಿದದ್ದು ಸಾಲದ ಪತ್ರಗಳು ಮತ್ತು ಮಾರಲು ನೋಡುತ್ತಿದ್ದ ಖಾಲಿ ಬಂಗಲೆ.

ಆಗ ಆಸ್ಪತ್ರೆಯೊಂದರಿಂದ ಸುದ್ದಿ ಬಂತು. ವಸಾಹತಿನಲ್ಲಿ ಮೊದಲು ಇದ್ದ ಆರ್ಥರ್ ಡೈಕ್ಸ್ ಎಂಬಾತ ಕ್ಯಾನ್ಸರಿನಿಂದ ಸಾಯುತ್ತಿದ್ದಾನೆ, ಮಾಡಲು ಇನ್ನೇನೂ ಉಳಿದಿಲ್ಲ, ಹಾಸಿಗೆ ಬೇರೆಯವರಿಗೆ ಬೇಕಾಗಿದೆ, ಹೋಗಲು ಅವನಿಗೆ ಮನೆಯಿಲ್ಲ. ಸಾವಿನ ವಿಷಯ ರೋಗಿಗೇ ತಿಳಿದಿರಲಿಲ್ಲ. ಚೆಷೈರ್ ಅವನ ಬಳಿ ಕುಳಿತು ಸತ್ಯವನ್ನು ಹೇಳಿದರು. ಎಲ್ಲಿಯೂ ಜಾಗ ಸಿಗದಿದ್ದಾಗ ಲೆ ಕೋರ್ಟಿಗೇ ಕರೆತಂದರು. ನಾಲ್ಕು ಎಂಜಿನ್ನುಗಳ ವಿಮಾನವನ್ನು ಕತ್ತಲಲ್ಲಿ ನಡೆಸಿದ ಕೈಗಳು ಆ ಖಾಲಿ ಬಂಗಲೆಯಲ್ಲಿ ಒಬ್ಬ ರೋಗಿಯ ಮೈ ಒರೆಸಿದವು, ಮಲಪಾತ್ರೆ ತೊಳೆದವು, ಹಾಸಿಗೆಯ ಬಟ್ಟೆ ಒಗೆದವು. ದಾದಿಯರಿರಲಿಲ್ಲ, ಹಣವಿರಲಿಲ್ಲ. ಡೈಕ್ಸ್ ಕಥೋಲಿಕ. ಆತನೇನೂ ಚೆಷೈರರಿಗೆ ಉಪದೇಶ ಮಾಡಲಿಲ್ಲ. ಸಂಸ್ಕಾರಗಳನ್ನು ಪಡೆದು ಶಾಂತವಾಗಿ ಸತ್ತ. ಆ ಆಗಸ್ಟ್ ರಾತ್ರಿ ಶವದ ಕಾವಲು ಕುಳಿತ ಚೆಷೈರ್, ಕೈಗೆ ಸಿಕ್ಕ ಒಂದು ಪುಸ್ತಕವನ್ನು ಓದತೊಡಗಿದರು. ಆಂಗ್ಲಿಕನ್ ಸಭೆಯನ್ನು ಬಿಟ್ಟು ಕಥೋಲಿಕರಾದ ವರ್ನನ್ ಜಾನ್ಸನ್ ಎಂಬ ಗುರುಗಳು ತಮ್ಮ ಪಯಣವನ್ನು ಬರೆದ ಪುಸ್ತಕವದು. ಅದೇ ವರ್ಷದ ಕ್ರಿಸ್ತಜಯಂತಿಯ ಮುನ್ನಾದಿನ, ಪೀಟರ್ಸ್‌ಫೀಲ್ಡ್ ದೇವಾಲಯದಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು.

ನಾಗಾಸಾಕಿಯ ಮೋಡ ಮಾಡದೆ ಹೋದುದನ್ನು ಒಂದು ಹಾಸಿಗೆ ಮಾಡಿತು. ಇದನ್ನು ಬರೆಯುವಾಗ ನನ್ನ ಧರ್ಮಕೇಂದ್ರದ ವೃದ್ಧರೊಬ್ಬರು ನೆನಪಾಗುತ್ತಾರೆ. ಆಸ್ಪತ್ರೆಯವರು ಮನೆಗೆ ಕಳುಹಿಸಿದ್ದರು. ಅವರಿಗೆ ಏನೂ ಹೇಳಬಾರದೆಂದು ಮಕ್ಕಳು ಬಾಗಿಲಲ್ಲಿಯೇ ನನ್ನ ಕೈ ಹಿಡಿದು ಬೇಡಿಕೊಂಡರು. ಮೂರು ತಿಂಗಳು, ಪ್ರತಿ ಮೊದಲ ಶುಕ್ರವಾರ, ಪರಮ ಪ್ರಸಾದ ಕೊಟ್ಟು, ಮಳೆಯ ಬಗ್ಗೆ, ಅಡಿಕೆಯ ಧಾರಣೆಯ ಬಗ್ಗೆ ಮಾತಾಡಿ ಬಂದೆ. ಒಮ್ಮೆ ಅವರು ನನ್ನ ಮುಖವನ್ನೇ ನೋಡುತ್ತ ಏನನ್ನೋ ಕೇಳಲು ಹೊರಟು, ಸುಮ್ಮನಾದರು. ನಾನೂ ಸುಮ್ಮನಿದ್ದೆ. ಡೈಕ್ಸ್‌ನ ಹಾಸಿಗೆಯ ಬಳಿ ಚೆಷೈರ್ ಮಾಡಿದ್ದು ಎಷ್ಟು ಕಷ್ಟದ ಕೆಲಸವೆಂದು ನನಗೆ ಆ ಮನೆಯಲ್ಲಿ ತಿಳಿಯಿತು.

ಡೈಕ್ಸ್ ಸಾಯುವ ಮೊದಲೇ ಎರಡನೆಯ ರೋಗಿಯ ಬೇಡಿಕೆ ಬಂದಿತ್ತು, ತೊಂಬತ್ತು ದಾಟಿದ, ಹಾಸಿಗೆ ಹಿಡಿದ ಅಜ್ಜಿ. ಬಳಿಕ ಮೂರನೆಯವರು, ನಾಲ್ಕನೆಯವರು. ಯೋಜನೆಯೆಂಬುದೇ ಇರಲಿಲ್ಲ, ಬೇಡವೆನ್ನಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೇ. 1952ರಲ್ಲಿ ಕ್ಷಯರೋಗ ಅವರನ್ನೇ ಹಾಸಿಗೆಗೆ ಕೆಡವಿತು. ಮಿಡ್‌ಹರ್ಸ್ಟ್ ಆರೋಗ್ಯಧಾಮದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ, ಹಲವು ಶಸ್ತ್ರಚಿಕಿತ್ಸೆಗಳು. ಶ್ವಾಸಕೋಶದ ಭಾಗವನ್ನೂ ಪಕ್ಕೆಲುಬುಗಳನ್ನೂ ಕಳೆದುಕೊಂಡರು. ಅಲ್ಲಿಂದಲೇ ಪತ್ರ ಬರೆದು ಬರೆದು ಹೊಸ ಮನೆಗಳನ್ನು ತೆರೆಯಿಸಿದರು. ತೂರಿನ್ ನಗರದಲ್ಲಿರುವ ಪವಿತ್ರ ಶವವಸ್ತ್ರದ ಮೇಲಿನ ಮುಖಚ್ಛಾಯೆಯ ಭಕ್ತಿ ಅವರಲ್ಲಿ ಬೇರೂರಿದ್ದೂ ಈ ಕಾಲದಲ್ಲಿಯೇ.

ಭಾರತಕ್ಕೆ ಅವರು ಬಂದದ್ದು 1950ರ ದಶಕದ ನಡುವಿನಲ್ಲಿ. ಮುಂಬಯಿಯ ಅಂಧೇರಿಯಲ್ಲಿ ಇಂಗ್ಲೆಂಡಿನ ಹೊರಗಿನ ಮೊದಲ ಮನೆ ಎದ್ದಿತು, ಬೆತ್ಲೆಹೇಮ್ ಎಂಬ ಹೆಸರಿನಲ್ಲಿ. 1959ರ ಏಪ್ರಿಲ್ 5ರಂದು, ಅದೇ ಮುಂಬಯಿಯ ಕಥೋಲಿಕ ಪ್ರಧಾನಾಲಯದಲ್ಲಿ, ಸ್ಯೂ ರೈಡರ್ ಅವರನ್ನು ವಿವಾಹವಾದರು. ಆಕೆಯೂ ಕಥೋಲಿಕ ವಿಶ್ವಾಸಕ್ಕೆ ಬಂದವರು. ನಾಜಿ ಶಿಬಿರಗಳಿಂದ ಬದುಕಿ ಉಳಿದವರಿಗಾಗಿ, ವಿಶೇಷವಾಗಿ ಪೋಲೆಂಡಿನವರಿಗಾಗಿ, ಮನೆಗಳನ್ನು ಕಟ್ಟುತ್ತಿದ್ದವರು. ಮದುವೆಯ ವರ್ಷವೇ ಇಬ್ಬರೂ ಸೇರಿ ದೆಹರಾದೂನಿನಲ್ಲಿ ಕುಷ್ಠರೋಗಿಗಳಿಗೂ ಬುದ್ಧಿಮಾಂದ್ಯ ಮಕ್ಕಳಿಗೂ ರಾಫೆಲ್ ಎಂಬ ಕೇಂದ್ರವನ್ನು ತೆರೆದರು. ದೊಡ್ಡ ಸಂಸ್ಥೆಗಳ ಒಡೆಯರಾಗಿದ್ದ ಈ ದಂಪತಿ ತಮ್ಮ ಇಬ್ಬರು ಮಕ್ಕಳೊಡನೆ ಕ್ಯಾವೆಂಡಿಷ್ ಹಳ್ಳಿಯಲ್ಲಿದ್ದ ಆಕೆಯ ಸಂಸ್ಥೆಯ ಮನೆಯ ಕೆಲವು ಚಿಕ್ಕ ಕೋಣೆಗಳಲ್ಲಿ ಬಾಳಿದರು.

ಹಾಗೆಂದು ಎಲ್ಲವೂ ನುಣುಪಾಗಿ ನಡೆಯಿತೆಂದಲ್ಲ. ಲೆ ಕೋರ್ಟಿನ ನಿವಾಸಿಗಳಲ್ಲಿಯೇ ಕೆಲವರು, ಅವರಲ್ಲಿ ಮುಖ್ಯರಾಗಿ ಪಾಲ್ ಹಂಟ್, 1960ರ ದಶಕದಲ್ಲಿ ದನಿಯೆತ್ತಿದರು. ಮಲಗುವ ಹೊತ್ತನ್ನೂ ಏಳುವ ಹೊತ್ತನ್ನೂ ಬೇರೆಯವರು ನಿರ್ಧರಿಸುವ ಮನೆ ಎಷ್ಟು ಕರುಣೆಯದಾದರೂ ಮನೆಯಲ್ಲ, ತಮಗೆ ಬೇಕಾದುದು ದಯೆಯಲ್ಲ ಹಕ್ಕು ಎಂಬುದು ಅವರ ವಾದ. ಇಂಗ್ಲೆಂಡಿನ ಅಂಗವಿಕಲರ ಹಕ್ಕಿನ ಚಳವಳಿಗೆ ಚೆಷೈರರ ಮೊದಲ ಮನೆಯೇ ಒಂದು ತೊಟ್ಟಿಲಾಯಿತು ಎಂಬುದು ವಿಚಿತ್ರವಾದರೂ ನಿಜ. ನಮ್ಮ ಆಶ್ರಮಗಳನ್ನು ನಡೆಸುವವರು, ನಮ್ಮ ಹಿರಿಯರನ್ನು ಹಿಂದಿನ ಕೋಣೆಗೆ ಸರಿಸಿರುವ ಕುಟುಂಬಗಳು ಕೂಡ, ಹಂಟ್ ಅವರ ಮಾತನ್ನು ಕೇಳಿಸಿಕೊಂಡರೆ ನಷ್ಟವೇನಿಲ್ಲ.

1981ರಲ್ಲಿ ಆರ್ಡರ್ ಆಫ್ ಮೆರಿಟ್, 1991ರಲ್ಲಿ ಲಾರ್ಡ್ಸ್ ಸಭೆಯ ಸದಸ್ಯತ್ವ ಬಂದವು. ಆ ವೇಳೆಗೆ ಸುಮಾರು 50 ದೇಶಗಳಲ್ಲಿ 250ಕ್ಕೂ ಹೆಚ್ಚು ಮನೆಗಳಿದ್ದವು. ಕೊನೆಗೆ ಅವರಿಗೆ ತಗುಲಿದ್ದು ನರಗಳು ಕ್ರಮೇಣ ಸೋತು, ಕೈ ಕಾಲು ನಾಲಗೆಗಳು ಒಂದೊಂದಾಗಿ ನಿಲ್ಲುವ ಕಾಯಿಲೆ. ಅವರು ತೆರೆದಿದ್ದ ಮನೆಗಳು ಇಂಥ ರೋಗಿಗಳಿಗೆಂದೇ ಇದ್ದವು. ನಲವತ್ತು ವರ್ಷ ಬೇರೆಯವರಿಗೆ ಮಾಡಿದ ಉಪಚಾರವನ್ನು ಕೊನೆಯ ತಿಂಗಳುಗಳಲ್ಲಿ ತಾವೇ ಬೇರೆಯವರ ಕೈಯಿಂದ ಪಡೆದರು. 1992ರ ಜುಲೈ 31ರಂದು, ಎಪ್ಪತ್ತನಾಲ್ಕರ ಪ್ರಾಯದಲ್ಲಿ, ಸತ್ತರು. ಆ ವರ್ಷದ ಕ್ರಿಸ್ತಜಯಂತಿ ಸಂದೇಶದಲ್ಲಿ ರಾಣಿ ಎಲಿಜಬೆತ್ ಅವರನ್ನು ನೆನೆದರು. ಪತ್ನಿ ಸ್ಯೂ ಇನ್ನೂ ಎಂಟು ವರ್ಷ ದುಡಿದು, 2000ದ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನದಂದೇ ತೀರಿಕೊಂಡರು.

ನವೆಂಬರ್ ತಿಂಗಳಲ್ಲಿ ನಮ್ಮ ಕುಟುಂಬಗಳು ಮೃತರ ಹೆಸರುಗಳ ಪಟ್ಟಿಯನ್ನು ಬರೆದು ಪೀಠದ ಬಳಿ ಇರಿಸುವ ರೂಢಿಯಿದೆಯಷ್ಟೆ. ಕೆಲವು ವರ್ಷಗಳಿಂದ ನಾನೂ ಒಂದು ಚೀಟಿ ಇರಿಸುತ್ತಿದ್ದೇನೆ. ಅದರಲ್ಲಿ ಲಿಯೊನಾರ್ಡ್, ಸ್ಯೂ, ಆರ್ಥರ್ ಡೈಕ್ಸ್ ಇದ್ದಾರೆ. ಆ ಅಡಿಕೆ ಬೆಳೆಗಾರ ವೃದ್ಧರ ಹೆಸರೂ ಇದೆ. ಕೆಳಗೆ ಉರಾಕಾಮಿ, ಮ್ಯೂನಿಕ್ ಎಂದು ಊರುಗಳ ಹೆಸರನ್ನು ಮಾತ್ರ ಬರೆದಿರುತ್ತೇನೆ.